ಸ್ಕ್ಯಾನ್ ನಾರ್ಮಲ್ ಬಂದ ಮೇಲೆ

ಪ್ರೀತಿಯ ಅಕ್ಕ,

ಈ ವಯಸ್ಸಿನಲ್ಲಿ ಸ್ಪ್ಯಾನಿಷ್ ಕಲಿಯೋ ಹುಚ್ಚು ಯಾಕೆ ಬಂತೇ ನಿನಗೆ ಅಂತ ಫೋನಿನಲ್ಲಿ ನಕ್ಕೆಯಲ್ಲ, ಅದಕ್ಕೆ ಉತ್ತರ ಸ್ವಲ್ಪ ಉದ್ದವಿದೆ. ಹಾಗಾಗಿ ಬರೆಯುತ್ತಿದ್ದೇನೆ.

ಇಲ್ಲಿ ಫ್ರೆಸ್ನೊ ಸುತ್ತ ಎಲ್ಲಿ ನೋಡಿದರೂ ದ್ರಾಕ್ಷಿ, ಬಾದಾಮಿ ತೋಟ. ಅವುಗಳಲ್ಲಿ ದುಡಿಯುವವರು ಬಹುಪಾಲು ಮೆಕ್ಸಿಕೊ ಕಡೆಯವರು. ನಮ್ಮ ಕ್ಲಿನಿಕ್ಕಿಗೆ ಬರುವುದು ತಲೆಗೆ ಸಣ್ಣ ಪೆಟ್ಟು ಬಿದ್ದವರು: ಏಣಿಯಿಂದ ಜಾರಿದವರು, ಕೊಂಬೆ ಬಡಿಸಿಕೊಂಡವರು, ಭಾನುವಾರದ ಫುಟ್‌ಬಾಲಿನಲ್ಲಿ ತಲೆಗೆ ತಲೆ ಗುದ್ದಿದವರು. ಕೇಳಿದರೆ ‘ನೊ ಎಸ್ ನಾದಾ’ ಅನ್ನುತ್ತಾರೆ, ಏನೂ ಇಲ್ಲ ಅಂತ. ಬುಗುಟೆ ಇಳಿದರೆ ಪೆಟ್ಟೂ ಹೋಯಿತು ಅನ್ನುವ ಲೆಕ್ಕ ಅವರದೂ ನಮ್ಮದೂ ಒಂದೇ.

ಡಾಕ್ಟರ ಪ್ರಕಾರ ಸಣ್ಣ ಪೆಟ್ಟು ಅಂದರೆ, ಎಚ್ಚರ ತಪ್ಪಿದ್ದರೂ ಅರ್ಧ ಗಂಟೆಯೊಳಗೆ ಬಂದಿರಬೇಕು, ಆ ಹೊತ್ತಿನ ಮರೆವು ಒಂದು ದಿನದೊಳಗೆ ಕಳೆದಿರಬೇಕು, ಎಚ್ಚರ ಅಳೆಯುವ ಗ್ಲಾಸ್ಗೊ ಸ್ಕೇಲಿನಲ್ಲಿ 15ಕ್ಕೆ 13ಕ್ಕಿಂತ ಕಡಿಮೆ ಇರಬಾರದು. ಇದು ಪೆಟ್ಟು ಬಿದ್ದ ದಿನದ ಅಳತೆ. ಮುಂದೇನಾಗುತ್ತದೆ ಅಂತ ಅದು ಹೇಳುವುದಿಲ್ಲ. ಕೆಲವೇ ವಾರಗಳಲ್ಲಿ ಎಲ್ಲ ಸರಿಹೋಗುತ್ತದೆ ಅಂತ ನಾವು ಓದಿದ್ದೆವು. ಆದರೆ ಅಮೆರಿಕದ ದೊಡ್ಡ ಟ್ರಾಮಾ ಆಸ್ಪತ್ರೆಗಳಿಗೆ ಬಂದ ಇಂಥವರನ್ನು ವರ್ಷವಿಡೀ ಗಮನಿಸಿದ ಅಧ್ಯಯನವೊಂದು 2019ರಲ್ಲಿ ಬಂತು. ವರ್ಷ ಕಳೆದರೂ ದಿನದ ಕೆಲಸಕ್ಕೆ ತೊಡಕಿದೆ ಅಂದವರು ಶೇ. 53. ತಲೆ ಬಿಟ್ಟು ಕೈಕಾಲಿಗೆ ಪೆಟ್ಟಾದವರಲ್ಲಿ ಅದು ಶೇ. 38.

ನಾನು ಸ್ಪ್ಯಾನಿಷ್ ಕಲಿತದ್ದು ಈ ತೊಡಕನ್ನು ಅಳೆಯುವುದಕ್ಕೆ. ಚಾವಣಿ ಕೆಲಸದವರೊಬ್ಬರು ಬಂದಿದ್ದರು, ಟೋಪಿ ಕಣ್ಣಿನ ಮೇಲೆಳೆದುಕೊಂಡು. ಕೂರುವ ಮೊದಲೇ ಲೈಟು ಆರಿಸಿ ಅಂದರು. ಸೆಕೆಂಡಿಗೆ ಒಂದರಂತೆ ಅಂಕಿಗಳನ್ನು ಹೇಳುತ್ತೇನೆ, ಅವರು ಅದೇ ಕ್ರಮದಲ್ಲಿ ತಿರುಗಿ ಹೇಳಬೇಕು. ಐದು ಅಂಕಿಗೆ ನಿಂತರು. ನೆನಪಿನ ಶಕ್ತಿ ಹೋಗಿದೆ ಅಂತ ಬರೆದುಬಿಡುವುದೇ? ಇಂಗ್ಲಿಷಿನಲ್ಲಿ ಒಂದರಿಂದ ಒಂಬತ್ತರವರೆಗೆ ‘ಸೆವೆನ್’ ಬಿಟ್ಟರೆ ಎಲ್ಲ ಒಂದೇ ಉಚ್ಚಾರಾಂಶದವು. ಸ್ಪ್ಯಾನಿಷಿನಲ್ಲಿ ‘ಕ್ವಾತ್ರೊ’, ‘ಸಿಂಕೊ’, ‘ಸಿಯೆತೆ’, ‘ನ್ವೇವೆ’ ಅಂತ ಬಹುತೇಕ ಎರಡೆರಡು. ಉದ್ದದ ಹೆಸರು ಹೇಳಲು ಹೆಚ್ಚು ಹೊತ್ತು, ಹಾಗಾಗಿ ನೆನಪಿನಲ್ಲಿ ನಿಲ್ಲುವ ಅಂಕಿಗಳು ಕಡಿಮೆ. 1986ರಲ್ಲೇ ನಾಲ್ಕು ಭಾಷೆಗಳನ್ನು ಹೋಲಿಸಿ ಇದನ್ನು ತೋರಿಸಿದ್ದಾರೆ. ನಮ್ಮ ಒಂದು, ಎರಡು, ಮೂರರಲ್ಲಂತೂ ಒಂದೂ ಗಿಡ್ಡದಲ್ಲ!

ಜೊತೆಗೆ ಆ ಚಾವಣಿ ಕೆಲಸದವರು ಓದಿದ್ದು ಮೂರನೇ ಕ್ಲಾಸು. ಕಾಲೇಜು ಓದಿದವರಿಗೆ ಮಾಡಿದ ಪಟ್ಟಿಯಲ್ಲಿ ಇಂಥವರನ್ನು ತೂಗಿದರೆ ಪೆಟ್ಟೇ ಬೀಳದವರೂ ರೋಗಿಗಳಾಗುತ್ತಾರೆ. ಇದನ್ನು ಗಟ್ಟಿಯಾಗಿ ಹೇಳಿದವರು ಕೊಲಂಬಿಯಾದ ಆಲ್ಫ್ರೆದೊ ಆರ್ದಿಲಾ. ಮೆಕ್ಸಿಕೊದ ಫೆಗ್ಗಿ ಒಸ್ತ್ರೋಸ್ಕಿ ಮತ್ತು ಸಂಗಡಿಗರು ‘ನ್ಯೂರೊಪ್ಸಿ’ ಅನ್ನುವ ಪರೀಕ್ಷೆಯನ್ನೇ ಕಟ್ಟಿದರು, ಶಾಲೆಗೆ ಹೋಗದವರಿಗೂ ಬೇರೆ ಅಳತೆಗೋಲು ಇಟ್ಟು.

ಅಂಕಿಗಿಂತ ಹೆಚ್ಚು ತಿಳಿದದ್ದು ಆ ಚಾವಣಿ ಕೆಲಸದವರ ಹೆಂಡತಿಯಿಂದ. ಅಪ್ಪನ ಮಾತನ್ನು ಮಗಳು ಇಂಗ್ಲಿಷಿಗೆ ತಿರುಗಿಸುತ್ತಿದ್ದಳು, ಚಿಕ್ಕ ಹುಡುಗಿ. ಮಕ್ಕಳನ್ನು ದುಭಾಷಿ ಮಾಡಬಾರದು ಅಂತ ಇಲ್ಲಿ ಸರ್ಕಾರದ ನಿಯಮವೇ ಇದೆ. ಯಾವ ತಂದೆ ತಾನೇ ಮಗಳ ಬಾಯಲ್ಲಿ ‘ನಾನು ರಾತ್ರಿ ಅಳುತ್ತೇನೆ’ ಅಂತ ಹೇಳಿಸುತ್ತಾನೆ? ಅವಳನ್ನು ಹೊರಗೆ ಕೂರಿಸಿ ನನ್ನ ಹರಕುಮುರುಕು ಸ್ಪ್ಯಾನಿಷಿನಲ್ಲೇ ಕೇಳಿದೆ. ರೇಡಿಯೊ ಇಲ್ಲದೆ ಕೆಲಸ ಮಾಡದ ಮನುಷ್ಯ ಈಗ ರೇಡಿಯೊ ಹಾಕಿದರೆ ಸಿಡಿದೇಳುತ್ತಾರೆ, ಕೂಲಿ ಬಟವಾಡೆಯ ದಿನವೇ ಮರೆತಿದ್ದರು ಅಂದಳು ಆಕೆ. ಯಾವ ಸ್ಕ್ಯಾನಿನಲ್ಲೂ ಕಾಣದ ಸಂಗತಿಗಳು ಇವು.

ಪೆಟ್ಟಿನ ಮೇಲೆ ಪೆಟ್ಟು ಬಿದ್ದರೆ ಏನಾಗುತ್ತದೆ ಅಂತ ಪೋರ್ಟೊ ರಿಕೊದವರನ್ನು ಕೇಳಬೇಕು. ವಿಲ್ಫ್ರೆದ್ ಬೆನಿತೆಸ್ 1976ರಲ್ಲಿ, ಬರೀ 17ನೇ ವಯಸ್ಸಿಗೆ, ಬಾಕ್ಸಿಂಗ್ ವಿಶ್ವ ಚಾಂಪಿಯನ್ ಆದವನು. ಬರುವ ಗುದ್ದನ್ನು ಮೊದಲೇ ಕಂಡು ತಪ್ಪಿಸಿಕೊಳ್ಳುತ್ತಾನೆ ಅಂತ ಜನ ‘ಎಲ್ ರಾದಾರ್’ ಅಂತಲೇ ಕರೆದರು. 1990ಕ್ಕೆ ಆಟ ಮುಗಿಸಿದ. ಆಮೇಲೆ ನೆನಪು, ಮಾತು, ನಡಿಗೆ ಒಂದೊಂದೇ ಹೋದವು. ಮೊದಲು ತಾಯಿ, ನಂತರ ಸೋದರಿ ಅವನನ್ನು ಮಗುವಿನಂತೆ ನೋಡಿಕೊಂಡರು. ತಪ್ಪಿಸಿಕೊಳ್ಳುವುದರಲ್ಲಿ ನಿಸ್ಸೀಮನಾದವನ ಗತಿಯೇ ಇದು.

ಭಾವನ ವಿಷಯ ಹಾಗಲ್ಲ, ಹೆದರಬೇಡ. ಸ್ಕೂಟರಿನಿಂದ ಬಿದ್ದದ್ದು ಒಂದೇ ಸಲ. ಆದರೆ ‘ಸ್ಕ್ಯಾನ್ ನಾರ್ಮಲ್ ಬಂತು, ಈಗೀಗ ಮಾತ್ರ ಟಿವಿ ಸದ್ದಿಗೂ ರೇಗುತ್ತಾರೆ, ಹಾಲಿನ ದುಡ್ಡು ಎರಡು ಸಲ ಕೊಟ್ಟರು’ ಅಂದೆಯಲ್ಲ, ಅಲ್ಲೇ ನನ್ನ ಕಿವಿ ನೆಟ್ಟಗಾಯಿತು. ಸಿಟಿ ಸ್ಕ್ಯಾನ್ ನೋಡುವುದು ಮುಖ್ಯವಾಗಿ ರಕ್ತಸ್ರಾವವನ್ನು, ಮೂಳೆ ಮುರಿತವನ್ನು. ಮಿದುಳಿನ ಸಣ್ಣ ನರತಂತುಗಳು ಎಳೆತಕ್ಕೆ ಸಿಕ್ಕಿದ್ದರೆ ಅದರಲ್ಲಿ ಕಾಣುವುದಿಲ್ಲ. ವಯಸ್ಸಾಯಿತು, ಸಿಡುಕು ಹೆಚ್ಚಾಯಿತು ಅಂತ ನೀನೇ ತೀರ್ಪು ಕೊಟ್ಟುಬಿಡಬೇಡ. ಜಗಳವಂತೂ ಬೇಡವೇ ಬೇಡ.

ಬೆಂಗಳೂರಿಗೆ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗು. ವಯಸ್ಸು, ಓದು ನೋಡಿ ಅಳೆಯುವ ಅವರದೇ ಪರೀಕ್ಷೆಗಳು 2004ರಿಂದ ಇವೆ. ಕನ್ನಡದಲ್ಲೇ ಕೇಳಿ ಅಂತ ನಾಚಿಕೆಯಿಲ್ಲದೆ ಹೇಳು. ನೀನು ಕಂಡದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ಡಾಕ್ಟರ ಹತ್ತಿರ ಒಬ್ಬಳೇ ಮಾತಾಡು, ಭಾವನ ಎದುರು ಬೇಡ. ಅಷ್ಟರೊಳಗೆ ತಲೆನೋವು ಏರುತ್ತಾ ಹೋದರೆ, ವಾಂತಿಯಾದರೆ, ಮಾತು ತೊದಲಿದರೆ ಅಪಾಯಿಂಟ್‌ಮೆಂಟಿಗೆ ಕಾಯದೆ ಆ ಕ್ಷಣವೇ ಹತ್ತಿರದ ಆಸ್ಪತ್ರೆಗೆ ಓಡಬೇಕು. ಹೋಗುವ ದಿನ ಗೊತ್ತಾದ ಕೂಡಲೇ ನನಗೆ ತಿಳಿಸು.

ನಿನ್ನ ತಂಗಿ