ಮಳೆ ಬಂದರೆ ಮಲಗದ ಮಾವ

ಹೋದ ತಿಂಗಳು ನನ್ನ ಮಗಳು ಶಾಲೆಯ ಪ್ರಾಜೆಕ್ಟ್ ಹಿಡಿದುಕೊಂಡು ಬಂದು, "ಅಪ್ಪಾ, ಟ್ರಾಮಾಗೆ ಕನ್ನಡದಲ್ಲಿ ಏನಂತಾರೆ?" ಅಂತ ಕೇಳಿದಳು. "ಆಘಾತ" ಅಂದೆ. ಬರೆದುಕೊಂಡು ಹೋದಳು. ಆಮೇಲೆ ಕೂತು ಯೋಚಿಸಿದೆ. ನಮ್ಮ ಮನೆಯಲ್ಲಿ ಯಾರಾದರೂ ಯಾವತ್ತಾದರೂ "ನನಗೆ ಆಘಾತವಾಗಿದೆ" ಅಂದದ್ದುಂಟಾ? ಪೇಪರಿನಲ್ಲಿ ಓದಿದ್ದೇನೆ, ಅಷ್ಟೇ. ನನ್ನ ಸೋದರಮಾವ ಎರಡು ವರ್ಷ ಅದನ್ನೇ ಅನುಭವಿಸಿದರು. ಆ ಪದ ಒಂದು ಸಲವೂ ಅವರ ಬಾಯಿಂದ ಬರಲಿಲ್ಲ.

ಮಗಳಿಗೆ ಹೇಳದೇ ಉಳಿದದ್ದನ್ನು ನಿಮಗೆ ಹೇಳುತ್ತೇನೆ. ನಿಮ್ಮಲ್ಲೂ ಹಲವರಿಗೆ ಊರಿನಲ್ಲಿ ಒಬ್ಬ ಮಾವ ಇದ್ದಾರು, ನಡುರಾತ್ರಿ ವಾಟ್ಸಾಪಿನಲ್ಲಿ ಪ್ರವಾಹದ ವಿಡಿಯೋ ನೋಡಿ ನಿದ್ದೆಗೆಟ್ಟ ಅನುಭವ ಇದ್ದೀತು.

ನಮ್ಮದು ಕೊಡಗು. ಮಡಿಕೇರಿಯಿಂದ ಸಂಪಾಜೆ ಕಡೆಗೆ ಘಾಟಿ ಇಳಿಯುವಾಗ ಜೋಡುಪಾಲದ ಆಸುಪಾಸಿನಲ್ಲಿ ಮಾವನ ಮನೆ ಇತ್ತು. ಮನೆಮಾತು ಅರೆಭಾಷೆ; ಇಲ್ಲಿ ಎಲ್ಲರಿಗೂ ತಿಳಿಯುವ ಕನ್ನಡದಲ್ಲೇ ಬರೆಯುತ್ತೇನೆ. 2018ರ ಆಗಸ್ಟ್ ಮಧ್ಯದಲ್ಲಿ ಆ ಗುಡ್ಡಗಳು ಜಾರಿದವು. ತಿಂಗಳುಗಟ್ಟಲೆ ನೀರು ಕುಡಿದ ಮಣ್ಣು ಮರಗಳ ಸಮೇತ ಕೆಳಗೆ ಬಂತು. ಮಕ್ಕಂದೂರು, ಹಟ್ಟಿಹೊಳೆ, ಕಾಲೂರು, ಮೊಣ್ಣಂಗೇರಿ ಅಂತ ಟಿವಿಯಲ್ಲಿ ಹೆಸರುಗಳು ಬರುತ್ತಿದ್ದವು. ಮಂಗಳೂರಿಗೆ ಹೋಗುವ ಹೆದ್ದಾರಿಯೇ ಅಲ್ಲಲ್ಲಿ ಕುಸಿದಿತ್ತು. ಮಾವ, ಅತ್ತೆ ಉಟ್ಟ ಬಟ್ಟೆಯಲ್ಲಿ ಎದುರಿನ ಗುಡ್ಡ ಹತ್ತಿ ಬದುಕಿದರು. ಮನೆ, ಕೊಟ್ಟಿಗೆ, ಎರಡು ಎಕರೆ ಕಾಫಿ, ಅದರ ಮರಗಳಿಗೆ ಹಬ್ಬಿದ್ದ ಒಳ್ಳೆಮೆಣಸು, ಎಲ್ಲ ಹೋಯಿತು.

ಮೂರನೇ ದಿನ ಫೋನ್ ಸಿಕ್ಕಿತು. ಮೆಲ್ಬರ್ನಿನ ಅಡುಗೆಮನೆಯಲ್ಲಿ ನಿಂತು ನಾನು ಹೇಳಿದ ಮೊದಲ ಮಾತು: "ಜೀವ ಉಳಿಯಿತಲ್ಲ ಮಾವ, ಅದೇ ದೊಡ್ಡದು."

"ಹೌದು" ಅಂದರು. ಇನ್ನೇನೂ ಹೇಳಲಿಲ್ಲ.

ನಾನು ಒಳ್ಳೆಯ ಮಾತನ್ನೇ ಆಡಿದ್ದೇನೆ ಅಂದುಕೊಂಡಿದ್ದೆ. ಒಂದು ವರ್ಷದ ಮೇಲೆ ಅವರೇ ಹೇಳಿದರು: ಆ ಹತ್ತು ದಿನ ಶಿಬಿರಕ್ಕೆ ಬಂದವರು, ಫೋನ್ ಮಾಡಿದವರು, ಎಲ್ಲರೂ ಅದನ್ನೇ ಹೇಳಿದರಂತೆ. "ಆ ಮಾತು ಕೇಳಿ ಕೇಳಿ, ನಾನು ಅಳೋದೇ ತಪ್ಪು ಅನ್ನೋ ಹಾಗಾಯ್ತು. ಸತ್ತವರ ಮನೆಯವರು ಪಕ್ಕದ ಚಾಪೆಯಲ್ಲೇ ಇದ್ದರು. ನಾನು ದನಕ್ಕೋಸ್ಕರ ಅಳೋದಾ?"

ಇದನ್ನು ನಾನು ಆಮೇಲೆ ಬಹಳ ಯೋಚಿಸಿದ್ದೇನೆ. ಮನುಷ್ಯ ಸತ್ತರೆ ನಮಗೆ ಏನು ಮಾಡಬೇಕು ಅಂತ ಗೊತ್ತು. ಆ ಮನೆಯಲ್ಲಿ ಒಲೆ ಹೊತ್ತುವುದಿಲ್ಲ, ನೆರೆಯವರು ಗಂಜಿ ತರುತ್ತಾರೆ, ಜನ ಬಂದು ಮಾತಾಡದೆ ಜಗಲಿಯಲ್ಲಿ ಕೂತು ಹೋಗುತ್ತಾರೆ, ಹನ್ನೊಂದನೇ ದಿನಕ್ಕೆ ಒಂದು ಘಟ್ಟ ಮುಗಿಯುತ್ತದೆ. ಅಜ್ಜಿ ನೆಟ್ಟ ಹಲಸಿನ ಮರ ಮಣ್ಣಿನಡಿ ಹೋದರೆ ಯಾವ ತಿಥಿ? ಗದ್ದೆಗೆ ಬೊಜ್ಜ ಮಾಡುವುದುಂಟಾ?

ಈಗ ಸ್ವಲ್ಪ ಹಿಂದಕ್ಕೆ ಹೋಗಬೇಕು. 2009ರ ಫೆಬ್ರವರಿ 7, ಶನಿವಾರ. ನಾನು ಮೆಲ್ಬರ್ನಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಆ ದಿನ ನಗರದಲ್ಲಿ 46.4 ಡಿಗ್ರಿ. ಉತ್ತರಕ್ಕಿದ್ದ ಕಿಂಗ್‌ಲೇಕ್, ಸ್ಟ್ರಾಥ್ಯೂವನ್, ಮೇರಿಸ್‌ವಿಲ್ ಊರುಗಳು ಸುಟ್ಟವು. ವಿಕ್ಟೋರಿಯಾದಲ್ಲಿ 173 ಜನ ಸತ್ತರು, ಎರಡು ಸಾವಿರಕ್ಕೂ ಹೆಚ್ಚು ಮನೆಗಳು ಹೋದವು. (ಬೆಂಗಳೂರಿನ ಹಳಬರಿಗೆ ಈ ತಾರೀಖು ಬೇರೆ ಕಾರಣಕ್ಕೆ ನೆನಪಿದ್ದೀತು. 1981ರಲ್ಲಿ ಅದೇ ಫೆಬ್ರವರಿ 7ರಂದು ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 92 ಜನ ತೀರಿಕೊಂಡರು, ಹೆಚ್ಚಿನವರು ಮಕ್ಕಳು. ಆ ಮಕ್ಕಳ ಮನೆಯವರ ದುಃಖವನ್ನು ನಿಮ್ಹಾನ್ಸ್‌ನವರು ಅಧ್ಯಯನ ಮಾಡಿ ಬರೆದರು. ದುರಂತದ ನಂತರದ ಮನಸ್ಸನ್ನು ಕುರಿತು ನಮ್ಮ ದೇಶದಲ್ಲಿ ನಡೆದ ಮೊದಮೊದಲ ಕೆಲಸಗಳಲ್ಲಿ ಅದೊಂದು.)

ನಮ್ಮ ಆಫೀಸಿನಲ್ಲಿ ಒಬ್ಬರಿದ್ದರು. ಅವರ ಮನೆ ಕಿಂಗ್‌ಲೇಕ್ ಕಡೆ ಸುಟ್ಟುಹೋಯಿತು. ಮೂರು ವಾರ ಬಿಟ್ಟು ಕೆಲಸಕ್ಕೆ ಬಂದರು. ಏನು ಹೇಳಬೇಕೋ ತಿಳಿಯದೆ ನಾನು ಅವರು ಇದ್ದಾಗ ಟೀ ರೂಮಿಗೇ ಹೋಗುತ್ತಿರಲಿಲ್ಲ. ಹೇಳಿಕೊಳ್ಳಲು ನಾಚಿಕೆ, ಆದರೆ ನಿಜ.

ಒಂಬತ್ತು ವರ್ಷ ಆದಮೇಲೆ, ಮಾವನ ಸುದ್ದಿ ಹೇಗೋ ತಿಳಿದು ಅದೇ ಮನುಷ್ಯ ನನ್ನ ಮೇಜಿನ ಹತ್ತಿರ ಬಂದರು. ಸಾರಿ ಗೀರಿ ಏನೂ ಅನ್ನಲಿಲ್ಲ. "ನಿಮ್ಮ ಮಾವನಿಗೆ ಏನೇನು ಹೋಯಿತು? ಒಂದೊಂದೇ ಹೇಳು" ಅಂದರು. ನನಗೆ ಗೊತ್ತಿರಲಿಲ್ಲ. ನಾನು ಕೇಳಿಯೇ ಇರಲಿಲ್ಲ.

ಅವರಿಗೆ ಯಾವುದು ಸಹಾಯವಾಯಿತು ಅಂತ ಕೇಳಿದೆ. ಯಾವುದೋ ಥೆರಪಿಯ ಹೆಸರು ಹೇಳುತ್ತಾರೆ ಅಂತ ನನ್ನ ನಿರೀಕ್ಷೆ. ಅವರು ಹೇಳಿದ್ದು ಫಾರ್ಮ್ ತುಂಬಿದ ಹೆಂಗಸಿನ ಬಗ್ಗೆ. ಆಗ ಸರ್ಕಾರ ಬೆಂಕಿಗೆ ಸಿಕ್ಕ ಕುಟುಂಬಗಳಿಗೆ ಬೇಕಾದರೆ ಒಬ್ಬೊಬ್ಬ ಕೇಸ್ ಮ್ಯಾನೇಜರ್ ಕೊಡುತ್ತಿತ್ತು. ವಿಮೆ, ಪರಿಹಾರ, ಬಾಡಿಗೆ ಮನೆ, ಮಕ್ಕಳ ಶಾಲೆ, ಎಲ್ಲಕ್ಕೂ ಅದೇ ಒಬ್ಬರು. "ನನ್ನ ಕಥೆಯನ್ನು ಹತ್ತು ಕೌಂಟರಿನಲ್ಲಿ ಹತ್ತು ಸಲ ಹೇಳುವುದು ತಪ್ಪಿತು. ನಿದ್ದೆ ಬರಲ್ಲ ಅಂತ ನಾನು ಬಾಯಿಬಿಟ್ಟದ್ದೂ ಅವಳ ಹತ್ತಿರವೇ, ಎರಡು ತಿಂಗಳ ಮೇಲೆ."

ಮನೆಗೆ ಬಂದು ಓದಲು ಶುರುಮಾಡಿದೆ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯ ತಿರುಳು ಮೂರೇ ಕ್ರಿಯಾಪದ: ನೋಡು, ಕೇಳು, ಜೋಡಿಸು. ಯಾರಿಗೆ ತುರ್ತು ಬೇಕಿದೆ ನೋಡು. ಹೇಳಿದರೆ ಕೇಳಿಸಿಕೋ, ಹೇಳು ಅಂತ ಒತ್ತಾಯ ಮಾಡಬೇಡ. ಊಟ, ಔಷಧಿ, ಮನೆಯವರು, ಸರಿಯಾದ ಮಾಹಿತಿ, ಇವುಗಳಿಗೆ ಜೋಡಿಸು. ಇದನ್ನು ಮಾಡಲು ಡಾಕ್ಟರೇ ಆಗಬೇಕಿಲ್ಲ. ಇನ್ನೊಂದು ವಿಷಯ ನನಗೆ ಹೊಸದು. ಮೊದಲು, ಘಟನೆ ನಡೆದ ಕೂಡಲೇ ಜನರನ್ನು ಕೂರಿಸಿ ಎಲ್ಲವನ್ನೂ ಒಂದೇ ಸಲಕ್ಕೆ ಹೇಳಿಸಿಬಿಡುವ ಪದ್ಧತಿ ಇತ್ತು. ಡಿಬ್ರೀಫಿಂಗ್ ಅಂತ ಅದರ ಹೆಸರು. ಹೀಗೆ ಒಂದು ಸಲ ಕೂರಿಸಿ ಹೇಳಿಸುವುದರಿಂದ ಮುಂದಿನ ತೊಂದರೆ ತಪ್ಪುವುದಿಲ್ಲ, ಕೆಲವರಿಗೆ ಕೆಡುಕೂ ಆಗಬಹುದು ಅಂತ ಸಂಶೋಧನೆಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳಿದ ಮೇಲೆ ಅದನ್ನು ಕೈಬಿಟ್ಟರು. ಅಂದರೆ, "ಏನಾಯ್ತು, ಹೇಗಾಯ್ತು, ಮಣ್ಣು ಎಲ್ಲಿಂದ ಬಂತು" ಅಂತ ಮಾವನನ್ನು ಕೆದಕಿದ ಚಿಕ್ಕಪ್ಪನ ಮಗ, "ಆಗಿದ್ದು ಆಗಿಹೋಯ್ತು" ಅಂತ ಬಾಯಿ ಮುಚ್ಚಿಸಿದ ನಾನು, ಇಬ್ಬರೂ ತಪ್ಪೇ.

ಮುಂದಿನ ಫೋನಿನಲ್ಲಿ ಹಸುವಿನ ಬಗ್ಗೆ ಕೇಳಿದೆ. "ಗೌರಿ ಎಷ್ಟು ತಿಂಗಳ ಗಬ್ಬ ಇತ್ತು ಮಾವ?" ನಲವತ್ತು ನಿಮಿಷ ಮಾತಾಡಿದರು.

ಇಲ್ಲಿಗೆ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. 2019ರ ಜೂನ್‌ನಲ್ಲಿ ಅತ್ತೆ ಫೋನ್ ಮಾಡಿದರು. ಅಷ್ಟೊತ್ತಿಗೆ ಮಡಿಕೇರಿಯಲ್ಲಿ ಬಾಡಿಗೆ ಮನೆ, ಶೀಟಿನ ಮಾಡು. ಮಳೆ ಹನಿ ಬಿದ್ದರೆ ಸಾಕು, ಮಾವ ಎದ್ದು ಚಪ್ಪಲಿ ಮೆಟ್ಟಿ, ಟಾರ್ಚ್ ಹಿಡಿದು ಬಾಗಿಲ ಬಳಿ ಕೂರುತ್ತಾರೆ. ಬೆಳಗಿನವರೆಗೂ ಹಾಗೇ. ಊಟ ಸೇರುವುದಿಲ್ಲ. ಸಣ್ಣದಕ್ಕೆಲ್ಲ ಸಿಟ್ಟು. ಅತ್ತೆ ಬಳಸಿದ ಮಾತು: "ಇವರು ಇಲ್ಲೇ ಇದ್ದಾರೆ, ಇವರ ಜೀವ ಮಾತ್ರ ಇನ್ನೂ ಅಲ್ಲೇ ಇದೆ." ಮಾವನ ಮಾತು: "ಎದೆ ಝಲ್ ಅನ್ನುತ್ತೆ. ತಲೆ ಭಾರ. ಅಷ್ಟೇ, ಬೇರೇನೂ ಇಲ್ಲ."

ಇಲ್ಲಿ ಹುಟ್ಟಿ ಬೆಳೆದ ಮಕ್ಕಳು ಇದನ್ನು ಗಮನಿಸಬೇಕು. ಅಜ್ಜ ಅಜ್ಜಿ ಫೋನಿನಲ್ಲಿ "ಐ ಆಮ್ ಆಂಗ್ಷಿಯಸ್" ಅನ್ನುವುದಿಲ್ಲ. ಮೈಕೈ ನೋವು ಅನ್ನುತ್ತಾರೆ, ಬಾಯಿ ರುಚಿ ಇಲ್ಲ, ಮನಸ್ಸು ನಿಲ್ಲುತ್ತಿಲ್ಲ, ಯಾಕೋ ಬೇಜಾರು ಅನ್ನುತ್ತಾರೆ. ನಾವು "ಓ, ಬೇಜಾರಾ" ಅಂತ ಮುಂದಕ್ಕೆ ಹೋಗುತ್ತೇವೆ. ಕನ್ನಡದ ಈ "ಬೇಜಾರು" ಸಿನಿಮಾ ಚೆನ್ನಾಗಿಲ್ಲದಿದ್ದರೂ ಆಗುತ್ತದೆ, ಬದುಕು ಸಾಕಾದರೂ ಆಗುತ್ತದೆ. ಯಾವ ಬೇಜಾರು ಅಂತ ಕೇಳಿಯೇ ತಿಳಿಯಬೇಕು.

ನಾನು ಮತ್ತೆ ತಪ್ಪು ಮಾಡಿದೆ. "ಮಾವ, ಸೈಕಿಯಾಟ್ರಿಸ್ಟ್ ಹತ್ತಿರ ಹೋಗಿ" ಅಂದುಬಿಟ್ಟೆ. "ನನಗೇನು ಹುಚ್ಚು ಹಿಡಿದಿದೆಯಾ?" ಅಂತ ಫೋನ್ ಇಟ್ಟರು. ಹದಿನೈದು ದಿನ ನನ್ನ ಹತ್ತಿರ ಮಾತಿಲ್ಲ. ಅತ್ತೆ ಜಾಣೆ. ಬಿಪಿ ನೋಡಿಸಬೇಕು ಅಂತ ಹೊರಡಿಸಿದರು. ಅಲ್ಲಿನ ಡಾಕ್ಟರು ನಿದ್ದೆಯ ಬಗ್ಗೆ ಕೇಳಿ, ಅದಕ್ಕೆ ಬೇರೆ ಡಾಕ್ಟರು ಇದ್ದಾರೆ ಅಂತ ಪಕ್ಕದ ಕೋಣೆಗೆ ಕಳಿಸಿದರು. ಹೆಸರಿಲ್ಲದೆ, ಸದ್ದಿಲ್ಲದೆ. ಮನಸ್ಸಿನ ಕಾಯಿಲೆಗೆ ದೂರದ ದೊಡ್ಡ ಆಸ್ಪತ್ರೆಗೇ ಓಡಬೇಕಾಗಿಲ್ಲ, ಜಿಲ್ಲೆಯಲ್ಲೇ ಚಿಕಿತ್ಸೆ ಸಿಗಬೇಕು ಅನ್ನುವ ಯೋಜನೆಗೆ ಮಾದರಿಯಾದದ್ದು ನಮ್ಮ ಬಳ್ಳಾರಿ ಜಿಲ್ಲೆ, 1980ರ ದಶಕದಲ್ಲಿ. ಈಗಂತೂ 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ. ಊರಿನವರಿಗೆ ನಂಬರ್ ಕಳಿಸಿಡಿ. ಮಾವನ ಕಾಲಕ್ಕೆ ಅದು ಇರಲಿಲ್ಲ.

ಕೆಲವು ತಿಂಗಳು ಮಾತ್ರೆ ತಗೊಂಡರು. ಅದು ನಿದ್ದೆ ಕೊಟ್ಟಿತು. ಉಳಿದದ್ದು ಬೇರೆ ಕಡೆಯಿಂದ ಬಂತು. ಆ ವರ್ಷದ ಹುತ್ತರಿಗೆ, ಬೇರೆ ಬೇರೆ ಕಡೆ ಚದುರಿಹೋಗಿದ್ದ ಅವರ ಊರಿನ ಏಳೆಂಟು ಮನೆಯವರು ಯಾರದ್ದೋ ಗದ್ದೆಯಲ್ಲಿ ಒಟ್ಟಾಗಿ ಕದಿರು ತೆಗೆದರು. ತಮ್ಮ ಗದ್ದೆ ಇಲ್ಲದಿದ್ದರೇನು, ಬತ್ತ ಬತ್ತವೇ. ಅವತ್ತು ಮಾವ ಕುಡಿದು ಜೋರಾಗಿ ಅತ್ತರಂತೆ, ಯಾರೂ "ಜೀವ ಉಳಿಯಿತಲ್ಲ" ಅನ್ನಲಿಲ್ಲವಂತೆ. ಮೆಲ್ಬರ್ನ್ ವಿಶ್ವವಿದ್ಯಾಲಯದವರು 2009ರ ಬೆಂಕಿ ಕಂಡ ಊರುಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಹೆಚ್ಚಿನವರು ನಿಧಾನಕ್ಕೆ ಚೇತರಿಸಿಕೊಂಡರು, ಕೆಲವರಿಗೆ ಮಾತ್ರ ತೊಂದರೆ ಹಲವು ವರ್ಷ ಉಳಿಯಿತು. ಊರಿನ ಸಂಘ, ಕೂಟಗಳಲ್ಲಿ ಇದ್ದವರ ಮನಸ್ಸಿನ ಆರೋಗ್ಯ ಒಟ್ಟಾರೆ ವಾಸಿ ಅಂತ ಅವರಿಗೆ ಕಂಡಿತು. ಪರಿಹಾರದ ಮನೆ ಹಂಚುವಾಗ ಒಂದೂರಿನವರನ್ನು ಒಂದೇ ಸಾಲಿನಲ್ಲಿ ಇಡುವುದೂ ಒಂದು ಚಿಕಿತ್ಸೆಯೇ ಅಂತ ನನಗೆ ಅನಿಸುವುದು ಇದಕ್ಕೇ. ಲಾಟರಿ ಎತ್ತುವವರಿಗೆ ಅದು ಹೊಳೆಯುವುದಿಲ್ಲ.

2020ರ ಜನವರಿ. ಈ ಸಲ ಬೆಂಕಿ ನಮ್ಮ ಪೂರ್ವಕ್ಕೆ, ಗಿಪ್ಸ್‌ಲ್ಯಾಂಡಿನಲ್ಲಿ. ಮೆಲ್ಬರ್ನಿನ ಮೇಲೆ ಹೊಗೆ ಕವಿದು ಎದುರಿನ ಬೀದಿ ಕಾಣುತ್ತಿರಲಿಲ್ಲ. ನಮಗೆ ಅಪಾಯವೇನೂ ಇರಲಿಲ್ಲ, ಆದರೂ ಕಿಟಕಿ ಸಂದಿಗೆ ಒದ್ದೆ ಟವೆಲ್ ತುರುಕಿ, ಮಗಳನ್ನು ಮಲಗಿಸಿ, ನಾನು ಸೋಫಾದಲ್ಲಿ ಕೂತು ಫೋನಿನಲ್ಲಿ ಬೆಂಕಿಯ ಮ್ಯಾಪನ್ನೇ ತಿಕ್ಕುತ್ತಿದ್ದೆ. ರಾತ್ರಿ ಎರಡು ಗಂಟೆಗೆ ಮಾವನ ಫೋನ್. ಅಲ್ಲಿ ಇನ್ನೂ ಎಂಟೂವರೆ.

"ಟಿವಿಯಲ್ಲಿ ನೋಡಿದೆ. ಎದ್ದೇ ಇರ್ತೀಯ ಅಂತ ಗೊತ್ತಿತ್ತು."

"ಇಲ್ಲ ಮಾವ, ಇಲ್ಲಿಗೇನೂ ಬರಲ್ಲ. ಬರೀ ಹೊಗೆ. ನಾವೆಲ್ಲ ಆರಾಮಾಗಿದ್ದೇವೆ."

"ಅದು ಇರಲಿ. ಊಟ ಮಾಡಿದ್ಯಾ? ಚಪ್ಪಲಿ ಹಾಕ್ಕೊಂಡೇ ಕೂತಿದ್ದೀಯಾ?"

ಕಾಲು ನೋಡಿಕೊಂಡೆ. ಹಾಕಿಕೊಂಡಿದ್ದೆ.

"ಬಿಚ್ಚಬೇಡ, ಇರಲಿ" ಅಂದರು ಮಾವ. "ನಾನೂ ಎಚ್ಚರ ಇದ್ದೇನೆ. ಹೇಳು, ಏನೇನು ಕಾಣ್ತಿದೆ ಅಲ್ಲಿ?"