ಹೆಸರಿನೊಳಗೆ ಏಳು ಗೆರೆ

"ಇದು ನನ್ನ ಹೆಸರಾ? ಬ್ಯಾಂಕಿನವರು ತಗೊಳ್ಳಲಿಲ್ಲ ಮಾರಾಯ" ಎಂದು ಹಿರಿಯರೊಬ್ಬರು ಡಿವಿಡೆಂಡ್ ಚೆಕ್ಕನ್ನು ನನ್ನ ಮುಂದಿಟ್ಟರು. ಡಿ'ಸೋಜ ಎಂದಿರಬೇಕಾದಲ್ಲಿ ಅಚ್ಚಾಗಿದ್ದದ್ದು ಡಿ\\\\\\\'ಸೋಜ. ಮಂಗಳೂರಿನ ಒಂದು ಸಹಕಾರ ಸಂಘದ ಚೆಕ್ ಅದು. ಅದನ್ನು ಅಚ್ಚು ಹಾಕುವ ಪ್ರೋಗ್ರಾಂ ನನ್ನದು.

ಅದನ್ನು ಬರೆದದ್ದು ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ. ಆ ಭಾಷೆಯಲ್ಲಿ ಹಿಂದೆ ಮ್ಯಾಜಿಕ್ ಕೋಟ್ಸ್ ಎಂಬ ಸೆಟ್ಟಿಂಗ್ ಇತ್ತು. ಫಾರ್ಮಿನಲ್ಲಿ ಬರೆದ ಹೆಸರಿನಲ್ಲಿ ' ಚಿಹ್ನೆಯೋ ಬ್ಯಾಕ್‌ಸ್ಲ್ಯಾಶೋ ಇದ್ದರೆ ಅದರ ಮುಂಚೆ ತಾನಾಗಿಯೇ ಒಂದು ಬ್ಯಾಕ್‌ಸ್ಲ್ಯಾಶ್ ಸೇರಿಸುತ್ತಿತ್ತು, ಡೇಟಾಬೇಸಿನ ಕ್ವೆರಿ ಅಲ್ಲಿ ತುಂಡಾಗದಿರಲಿ ಎಂದು. ಒಂದು ಸರ್ವರಿನಲ್ಲಿ ಅದು ಆನ್, ಇನ್ನೊಂದರಲ್ಲಿ ಆಫ್. ಅದೇ ಪ್ರೋಗ್ರಾಂ ಇಲ್ಲೊಂದು ಥರ, ಅಲ್ಲೊಂದು ಥರ. ಪಿಎಚ್‌ಪಿಯವರು 2009ರ 5.3 ಆವೃತ್ತಿಯಲ್ಲೇ ಇದನ್ನು ನಂಬಬೇಡಿ ಎಂದು ಎಚ್ಚರಿಸಿ, 2012ರ ಮಾರ್ಚ್‌ನಲ್ಲಿ ಬಂದ 5.4ರಲ್ಲಿ ಕಿತ್ತೇಹಾಕಿದರು. ಆ ಎಚ್ಚರಿಕೆಗಳು ಕಾಣಿಸದಂತೆ ನಾನು ಮೊದಲೇ ಅಡಗಿಸಿಟ್ಟಿದ್ದೆ.

ಹೋಸ್ಟಿಂಗ್‌ನವರು 5.4 ಹಾಕಿದ ದಿನದಿಂದ ಡಿ'ಸೋಜ, ಡಿ'ಸಿಲ್ವ ಯಾರನ್ನು ಸೇರಿಸಹೋದರೂ ಎರರ್. ಕ್ವೆರಿಗಳನ್ನೆಲ್ಲ, ಹೆಸರನ್ನು ಕ್ವೆರಿಯಿಂದ ಬೇರೆಯಾಗಿಯೇ ಕಳಿಸುವ ಪ್ರಿಪೇರ್ಡ್ ಸ್ಟೇಟ್‌ಮೆಂಟಿಗೆ ಬದಲಿಸಲು ಎರಡು ವಾರವಾದರೂ ಬೇಕಿತ್ತು. ಪಿಎಚ್‌ಪಿಯವರನ್ನು ಬೈದುಕೊಂಡು, ಹತ್ತು ನಿಮಿಷದಲ್ಲಿ ಒಂದು ಲೂಪ್ ಬರೆದೆ. ಫಾರ್ಮಿನಿಂದ ಬಂದ ಎಲ್ಲದಕ್ಕೂ ಅದು ಮೊದಲಿನಂತೆಯೇ ಬ್ಯಾಕ್‌ಸ್ಲ್ಯಾಶ್ ಹಾಕುತ್ತಿತ್ತು. ಅವರು ತೆಗೆದದ್ದನ್ನು ನಾನು ಮತ್ತೆ ತಂದು ಕೂರಿಸಿದೆ. ಕೆಲಸ ನಡೆಯಿತು, ಮರೆತೂಬಿಟ್ಟೆ.

ಮರುವರ್ಷ ಸದಸ್ಯರ ವಿವರ ತಿದ್ದುವ ಹೊಸ ಪುಟ ಬರೆದೆ, ಈ ಸಲ ಪ್ರಿಪೇರ್ಡ್ ಸ್ಟೇಟ್‌ಮೆಂಟಿನಲ್ಲೇ. ಅದು ಕೊಟ್ಟದ್ದನ್ನು ಕೊಟ್ಟಂತೆಯೇ ಇಡುತ್ತದೆ. ಹಾಗಾಗಿ ಲೂಪ್ ಹಾಕಿದ ಬ್ಯಾಕ್‌ಸ್ಲ್ಯಾಶ್ ಹೆಸರಿನ ಅಕ್ಷರವಾಗಿಯೇ ಉಳಿಯಿತು. ಮುಂದಿನ ತಿದ್ದುಪಡಿಯಲ್ಲಿ ಆ ಬ್ಯಾಕ್‌ಸ್ಲ್ಯಾಶಿಗೂ ಒಂದು, ಚಿಹ್ನೆಗೂ ಒಂದು ಸೇರಿ ಮೂರಾಯಿತು. ಅದರಾಚೆಗಿನದರಲ್ಲಿ ಏಳು. ಆ ಹಿರಿಯರು ವಿಳಾಸ, ಫೋನ್ ನಂಬರ್, ನಾಮಿನಿ ಎಂದು ಮೂರು ಸಲ ತಿದ್ದಿಸಿದ್ದರು.

ಚೆಕ್ ನೋಡಿದ ದಿನವೇ ಲೂಪನ್ನು ತೆಗೆದು, ಎಂದೋ ಬದಲಿಸಬೇಕಿದ್ದ ಕ್ವೆರಿಗಳಿಗೆ ಕೈ ಹಾಕಿದೆ. ಕೆಟ್ಟ ಹೆಸರುಗಳು ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಬ್ಯಾಕ್‌ಸ್ಲ್ಯಾಶುಗಳನ್ನೆಲ್ಲ ಒಟ್ಟಿಗೆ ಅಳಿಸೋಣವೆಂದರೆ, ಕೆಲವು ಮನೆ ನಂಬರಿನ ನಡುವೆ ಗುಮಾಸ್ತರು ನಿಜವಾಗಿಯೇ ಆ ಗೆರೆ ಟೈಪ್ ಮಾಡಿದ್ದರು. ಅರ್ಜಿ ಫಾರ್ಮುಗಳ ಕಟ್ಟು ಬಿಚ್ಚಿ, ಒಂದೊಂದೇ ಸಹಿ ನೋಡಿ ತಿದ್ದಿದೆ.

ಹೊಸ ಚೆಕ್ಕನ್ನು ಅವರ ಮನೆಗೇ ಒಯ್ದುಕೊಟ್ಟೆ. ಕನ್ನಡಕ ಏರಿಸಿಕೊಂಡು, ಹೆಸರಿನ ಮೇಲೆ ಬೆರಳಿಟ್ಟು, ಅಕ್ಷರ ಅಕ್ಷರವಾಗಿ ಓದಿದರು. ಓದಿ ಮುಗಿಯುವವರೆಗೆ ನಾನು ಜಗಲಿಯಲ್ಲಿ ನಿಂತೇ ಇದ್ದೆ.