ಪೈವಳಿಕೆಯಿಂದ ದುಬಾಯಿಗೆ ಎಷ್ಟು ದೂರ?

ಪೈವಳಿಕೆ, ಬಾಯಾರು, ಕಯ್ಯಾರು ಕಡೆಯ ಅನೇಕ ಮನೆಗಳಿಂದ ಒಬ್ಬರಾದರೂ ಗಲ್ಫ್ ದೇಶಗಳಲ್ಲಿ ದುಡಿಯುತ್ತಿದ್ದಾರೆ. ದುಬಾಯಿ ಎಷ್ಟು ದೂರವೆಂದು ಮಕ್ಕಳು ಕೇಳಿದರೆ "ನಾಲ್ಕು ಗಂಟೆ" ಎಂದುಬಿಡುತ್ತೇವೆ. ಈ ಲೆಕ್ಕ ಎಷ್ಟು ಸರಿ?

ಮಂಗಳೂರು ವಿಮಾನ ನಿಲ್ದಾಣದಿಂದ ದುಬಾಯಿ ನಿಲ್ದಾಣಕ್ಕೆ ನೇರ ಆಕಾಶಮಾರ್ಗದ ದೂರ ಸುಮಾರು 2,450 ಕಿ.ಮೀ. ಹೋಗುವಾಗ ನಾಲ್ಕು ಗಂಟೆಯ ಆಸುಪಾಸು ಬೇಕು. ಬರುವಾಗ ಸಾಮಾನ್ಯವಾಗಿ ಸ್ವಲ್ಪ ಕಡಿಮೆ ಸಾಕು. ಎತ್ತರದಲ್ಲಿ ಪಶ್ಚಿಮದಿಂದ ಬೀಸುವ ಗಾಳಿ, ಮುಖ್ಯವಾಗಿ ಚಳಿಗಾಲದಲ್ಲಿ, ಹೋಗುವ ವಿಮಾನವನ್ನು ತಡೆಯುತ್ತದೆ, ಬರುವ ವಿಮಾನವನ್ನು ತಳ್ಳುತ್ತದೆ. ಟಿಕೆಟಿನಲ್ಲಿರುವುದು ಆಯಾ ಊರಿನ ಸಮಯ. ದುಬಾಯಿ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಇಲ್ಲಿ ಬೆಳಿಗ್ಗೆ 10ಕ್ಕೆ ಹೊರಟವರು ನಾಲ್ಕು ಗಂಟೆ ಹಾರಿ ಇಳಿದಾಗ ಅಲ್ಲಿ 12.30 ಆಗಿರುತ್ತದೆ. ಎರಡೂವರೆ ಗಂಟೆಯಲ್ಲೇ ತಲಪಿದರೆಂದು ತಿಳಿಯಬಾರದು.

ಆದರೆ ನಮ್ಮ ಪ್ರಯಾಣ ಆರಂಭವಾಗುವುದು ಮನೆಯಂಗಳದಿಂದ. ಪೈವಳಿಕೆಯಿಂದ ಉಪ್ಪಳಕ್ಕೆ ಇಳಿದು, ಮಂಜೇಶ್ವರ, ತಲಪಾಡಿ, ತೊಕ್ಕೊಟ್ಟು ದಾಟಿ, ನೇತ್ರಾವತಿ ಸೇತುವೆ ಹಾದು, ನಂತೂರು, ಕಾವೂರು ಮಾರ್ಗವಾಗಿ ಕೆಂಜಾರಿನ ಗುಡ್ಡ ಹತ್ತಬೇಕು. ಸುಮಾರು 50 ಕಿ.ಮೀ. ದಾರಿಗೆ ಒಂದೂವರೆಯಿಂದ ಎರಡು ಗಂಟೆ, ನಿಲ್ದಾಣದಲ್ಲಿ ಮೂರು ಗಂಟೆ, ಅಲ್ಲಿ ಇಳಿದ ಮೇಲೆ ಮತ್ತೊಂದು ಗಂಟೆ. ಒಟ್ಟು ಹತ್ತು ಗಂಟೆಯಲ್ಲಿ ಹಾರಾಟ ಅರ್ಧಕ್ಕಿಂತ ಕಡಿಮೆ!

ಹಿಂದೆ ಇದೂ ಇರಲಿಲ್ಲ. ಬಜ್ಪೆ ನಿಲ್ದಾಣ 1951ರ ಡಿಸೆಂಬರ್ 25ರಂದು ಆರಂಭವಾದರೂ, ಹೊಸ ರನ್‌ವೇ ಬಂದ 2006ರ ನಂತರವೇ ಇಲ್ಲಿಂದ ದುಬಾಯಿಗೆ ನೇರ ವಿಮಾನಗಳು ಹೊರಟವು. ಅದಕ್ಕೆ ಮೊದಲು ಬಸ್ಸಿನಲ್ಲಿ ಮುಂಬಯಿಗೆ ಹೋಗಿ ವಿಮಾನ ಹತ್ತಿದವರು ನಮ್ಮಲ್ಲಿ ಎಷ್ಟೋ ಮಂದಿ.

1951ರಲ್ಲಿ ಪೈವಳಿಕೆಯೂ ಬಜ್ಪೆಯೂ ದಕ್ಷಿಣ ಕನ್ನಡವೆಂಬ ಒಂದೇ ಜಿಲ್ಲೆಯಲ್ಲಿದ್ದವು. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು, ನಿಲ್ದಾಣ ಆಚೆ ರಾಜ್ಯದಲ್ಲಿ ಉಳಿಯಿತು. 2018ರ ಡಿಸೆಂಬರ್ 9ರಂದು ಕಣ್ಣೂರು ನಿಲ್ದಾಣ ತೆರೆಯಿತಾದರೂ, ನಮಗೆ ಅದು ಮಂಗಳೂರಿನ ಎರಡು ಪಟ್ಟಿಗಿಂತಲೂ ದೂರ. 2020ರ ಮಾರ್ಚ್‌ನಲ್ಲಿ ಕೊರೊನಾ ಕಾರಣಕ್ಕೆ ಕರ್ನಾಟಕ ತಲಪಾಡಿ ಗಡಿಯನ್ನು ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳಿಗೆ ಹೋಗಬೇಕಾದ ರೋಗಿಗಳಿಗೂ ದಾರಿಯಿಲ್ಲವಾಯಿತು. ಹತ್ತಿರವೆಂಬುದು ಕಿಲೋಮೀಟರಿನಲ್ಲಷ್ಟೇ ಇಲ್ಲವೆಂದು ಆಗ ನಮಗೆ ಅರಿವಾಯಿತು.

2010ರ ಮೇ 22ನ್ನು ಮರೆಯುವುದೆಂತು? ದುಬಾಯಿಯಿಂದ ಬಂದ ವಿಮಾನ ಅಂದು ಮುಂಜಾನೆ ಆರರ ಸುಮಾರಿಗೆ ಗುಡ್ಡದ ಮೇಲಿನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಮಂದಿ ತೀರಿಕೊಂಡರು, 8 ಮಂದಿ ಉಳಿದರು. ಮಡಿದವರಲ್ಲಿ ಕಾಸರಗೋಡು ಕಡೆಯವರು ಅನೇಕರು. 2,450 ಕಿ.ಮೀ. ಹಾರಿ ಬಂದವರಿಗೆ ಮನೆ ಕೇವಲ ಒಂದೆರಡು ಗಂಟೆಯ ದಾರಿಯಾಗಿತ್ತು.

ಆದುದರಿಂದ ಮನೆಯವರನ್ನು ಕಳುಹಿಸುವಾಗ ಹಾರಾಟದ ಸಮಯ ಒಂದನ್ನೇ ನೋಡದಿರೋಣ. ಮಳೆಗಾಲದಲ್ಲಿ ಒಂದು ಗಂಟೆ ಮುಂಚಿತವಾಗಿ ಹೊರಡೋಣ. ಮಂಜು ಕವಿದರೆ ವಿಮಾನವನ್ನು ಬೆಂಗಳೂರಿನಂತಹ ಬೇರೆ ನಿಲ್ದಾಣಕ್ಕೆ ತಿರುಗಿಸುವುದುಂಟು. ಆಗ ಗಾಬರಿಯಾಗದೆ ಕಾಯೋಣ. ತಡವಾದರೂ ಚಿಂತೆಯಿಲ್ಲ, ನಮ್ಮವರು ಕ್ಷೇಮವಾಗಿ ಮನೆ ಸೇರಲಿ.